ಎಂಜಿನ್ ಸಿಗದ ಮಾರುತ, ಮೂರು ದೇಶ ಅಲೆದ ಟ್ಯಾಂಕ್

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಶಾಲಾ ಪ್ರವಾಸದಲ್ಲಿ ಹೋದವರಿಗೆ ಅಲ್ಲಿನ ಆವರಣದ ಯುದ್ಧವಿಮಾನ ನೆನಪಿರಬೇಕು. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ಅದರ ಹೆಸರು ಎಚ್‌ಎಫ್-24 ಮಾರುತ. ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು. ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲೂ ಒಂದು ಮಾರುತವಿದೆ. ಆದರೆ ಇದಕ್ಕೊಬ್ಬ ಅಣ್ಣ ಇದ್ದಾನೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಆ ಅಣ್ಣ ನಿಂತಿರುವುದು ದಕ್ಷಿಣ ಅಮೆರಿಕದಲ್ಲಿ, ಅರ್ಜೆಂಟೀನಾದ ಮೊರೊನ್ ಎಂಬಲ್ಲಿರುವ ರಾಷ್ಟ್ರೀಯ ವಿಮಾನ ಸಂಗ್ರಹಾಲಯದಲ್ಲಿ. ಅದರ ಹೆಸರು ಪುಲ್ಕಿ-2. ಅಲ್ಲಿನ ಮೂಲನಿವಾಸಿಗಳಾದ ಮಪುಚೆ ಜನರ ಭಾಷೆಯಲ್ಲಿ ಪುಲ್ಕಿ ಎಂದರೆ ಬಾಣ. ಇಲ್ಲಿ ಗಾಳಿ, ಅಲ್ಲಿ ಬಾಣ. ಎರಡರ ಹಿಂದೆಯೂ ಇದ್ದವರು ಒಬ್ಬರೇ ಎಂಜಿನಿಯರ್: ಕುರ್ಟ್ ಟ್ಯಾಂಕ್.

ನಾನಿರುವುದು ನಾಗಪುರದ ಪಕ್ಕದ ಕಾಮಠಿಯಲ್ಲಿ. ಕನ್ಹಾನ್ ನದಿಯ ದಡದಲ್ಲಿ 1821ರಲ್ಲಿ ಬ್ರಿಟಿಷರು ಕಟ್ಟಿದ ದಂಡಿನ ಊರಿದು. ಬೇರೆ ಬೇರೆ ಕಡೆಯಿಂದ ಕೆಲಸಕ್ಕೆಂದು ಬಂದವರೇ ಸೇರಿ ಊರಾಗಿರುವುದರಿಂದ, ಇಲ್ಲಿ ಯಾರೂ ನೀವು ಯಾವ ಕಡೆಯವರು ಎಂದು ಕೇಳಿ ಆಶ್ಚರ್ಯಪಡುವುದಿಲ್ಲ. ವಾಯುಪಡೆಯ ನಿರ್ವಹಣಾ ಕಮಾಂಡಿನ ಕೇಂದ್ರ ಕಚೇರಿ ನಾಗಪುರದಲ್ಲೇ ಇದೆ. ಹಾಗಾಗಿ ವಾಯುಪಡೆಯಿಂದ ನಿವೃತ್ತರಾಗಿ ಈ ಸೀಮೆಯಲ್ಲೇ ನೆಲೆಸಿದವರು ಆಗಾಗ ಸಿಗುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಅಂಥ ಒಬ್ಬ ಕಾಕಾ ಇದ್ದಾರೆ. ನಾನು ಬೆಂಗಳೂರಿನ ಕಡೆಯವನೆಂದು ತಿಳಿದ ಮೇಲೆ ಅವರು ಕೇಳಿದ್ದು ಟ್ರಾಫಿಕ್ ಬಗ್ಗೆ ಅಲ್ಲ, ಮಾರುತದ ಬಗ್ಗೆ. ಸೇವೆಯ ಮೊದಲ ವರ್ಷಗಳಲ್ಲಿ ಅವರು ಅದರ ಎಂಜಿನ್‌ಗಳ ನೆಲದ ಕೆಲಸ ಮಾಡಿದ್ದರಂತೆ. ಮೈಕಟ್ಟು ಅಷ್ಟು ಚಂದ, ಎದೆಯಲ್ಲಿ ಮಾತ್ರ ಉಸಿರು ಸಾಲದು ಎಂಬುದು ಅವರ ತೀರ್ಮಾನ. ಆ ಮಾತಿನ ಬೆನ್ನು ಹಿಡಿದು ಓದುತ್ತ ಹೋದಾಗ ನನಗೆ ಸಿಕ್ಕಿದ್ದು ವಿಮಾನದ ಕಥೆಗಿಂತ ಹೆಚ್ಚಾಗಿ, ನಮ್ಮ ಹಾಗೆಯೇ ಕೆಲಸ ಹುಡುಕಿಕೊಂಡು ಊರು ಬಿಟ್ಟವರೊಬ್ಬರ ಕಥೆ.

ಕುರ್ಟ್ ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರುವರಿ 24ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೋಂಬೆರ್ಗ್‌ನಲ್ಲಿ. ಇಂದು ಆ ಊರು ಪೋಲೆಂಡಿನಲ್ಲಿದೆ, ಹೆಸರೂ ಬಿಡ್ಗೋಶ್ಚ್ ಎಂದಾಗಿದೆ. ನಮ್ಮ ಗಡಿ ಜಿಲ್ಲೆಗಳವರಿಗೆ ಇದು ಹೊಸದೇನಲ್ಲ. ಊರು ನಿಂತಲ್ಲೇ ನಿಂತಿರುತ್ತದೆ, ಸರ್ಕಾರ ಬದಲಾಗಿರುತ್ತದೆ. ಟ್ಯಾಂಕ್ ಅವರದು ಸೈನಿಕರ ಮನೆತನ. ಮೊದಲನೇ ಮಹಾಯುದ್ಧದಲ್ಲಿ ಅವರು ಕುದುರೆ ದಳದಲ್ಲಿದ್ದರು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯ ಸೇರಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು.

ಸೋತ ಜರ್ಮನಿಗೆ ಆಗ ಯುದ್ಧವಿಮಾನ ಕಟ್ಟುವ ಅನುಮತಿ ಇರಲಿಲ್ಲ. ಎಂಜಿನ್ ಇರುವ ವಿಮಾನಗಳ ಮೇಲೂ ಬಗೆಬಗೆಯ ನಿರ್ಬಂಧ. ಹಾರುವ ಹುಚ್ಚಿದ್ದ ಹುಡುಗರು ಗ್ಲೈಡರ್ ಕಡೆ ತಿರುಗಿದರು. ಗ್ಲೈಡರ್ ಎಂದರೆ ಎಂಜಿನ್ನೇ ಇಲ್ಲದೆ ಗಾಳಿಯ ಮೇಲೆ ತೇಲುವ ವಿಮಾನ. ಬರ್ಲಿನ್ ವಿದ್ಯಾರ್ಥಿಗಳ ಹಾರಾಟದ ಸಂಘವನ್ನು ಕಟ್ಟಿದವರಲ್ಲಿ ಟ್ಯಾಂಕ್ ಒಬ್ಬರು. ಅವರ ಬದುಕು ಶುರುವಾದದ್ದೇ ಎಂಜಿನ್ ಇಲ್ಲದ ವಿಮಾನದಿಂದ ಎಂಬುದನ್ನು ನೆನಪಿಟ್ಟುಕೊಳ್ಳಿ. ಕೊನೆಯ ಮುಖ್ಯ ಕೆಲಸದಲ್ಲೂ ಅದೇ ಕೊರತೆ ಕಾಡಲಿತ್ತು.

ಎರಡು ಮೂರು ಕಂಪನಿ ಬದಲಾಯಿಸಿ 1931ರಲ್ಲಿ ಅವರು ಬ್ರೆಮೆನ್ ನಗರದ ಫೋಕೆ-ವುಲ್ಫ್ ಸೇರಿದರು. ವಿನ್ಯಾಸ ಮಾಡಿ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ತಾವು ಗೆರೆ ಎಳೆದ ವಿಮಾನವನ್ನು ತಾವೇ ಹಾರಿಸಿ ನೋಡುತ್ತಿದ್ದರು. ತಾನು ಬರೆದ ಕೋಡನ್ನು ತಾನೇ ಟೆಸ್ಟ್ ಮಾಡುವ ಪ್ರೋಗ್ರಾಮರ್ ಎನ್ನಬಹುದು, ಆದರೆ ಇಲ್ಲಿ ತಪ್ಪಿದರೆ ಹೋಗುವುದು ಪ್ರಾಣ. 1932ರಲ್ಲಿ ಬಂದ ಅವರ ಸ್ಟಿಗ್ಲಿಟ್ಸ್ ಎಂಬ ಎರಡು ಸಾಲು ರೆಕ್ಕೆಯ ತರಬೇತಿ ವಿಮಾನ ಹಲವು ದೇಶಗಳಿಗೆ ಮಾರಾಟವಾಯಿತು. ಅರ್ಜೆಂಟೀನಾ ಮತ್ತು ಬ್ರೆಜಿಲ್ ಲೈಸೆನ್ಸ್ ಪಡೆದು ತಮ್ಮ ಕಾರ್ಖಾನೆಗಳಲ್ಲೇ ಅದನ್ನು ತಯಾರಿಸಿದವು. ಟ್ಯಾಂಕ್ ದಕ್ಷಿಣ ಅಮೆರಿಕ ತಲುಪುವ ಮೊದಲೇ ಅವರ ವಿಮಾನ ಅಲ್ಲಿಗೆ ತಲುಪಿತ್ತು.

1937ರಲ್ಲಿ ನಾಲ್ಕು ಎಂಜಿನ್‌ಗಳ ಕೊಂಡೋರ್ ಪ್ರಯಾಣಿಕ ವಿಮಾನ ಹಾರಿತು. ಮರುವರ್ಷ ಆಗಸ್ಟ್‌ನಲ್ಲಿ ಅದು ಬರ್ಲಿನ್ನಿನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಗಳಲ್ಲಿ ತಲುಪಿ ಜಗತ್ತನ್ನು ಬೆರಗುಗೊಳಿಸಿತು. ಅದೇ ಮಾದರಿಯ ಒಂದು ವಿಮಾನ ಹಿಟ್ಲರನ ಸ್ವಂತ ಸವಾರಿಗೂ ಹೋಯಿತು. ಯುದ್ಧ ಬಂದಾಗ ಕೊಂಡೋರ್ ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳನ್ನು ಹುಡುಕಿ ಹೊಡೆಯುವ ಕೆಲಸಕ್ಕೆ ಬಿತ್ತು.

ಅವರಿಗೆ ದೊಡ್ಡ ಹೆಸರು ತಂದದ್ದು 1939ರ ಜೂನ್ 1ರಂದು ಮೊದಲು ಹಾರಿದ ಎಫ್‌ಡಬ್ಲ್ಯು-190 ಯುದ್ಧವಿಮಾನ. ಆಗಿನ ಒಳ್ಳೆಯ ಎಂಜಿನ್‌ಗಳು ಪ್ರತಿಸ್ಪರ್ಧಿ ಮೆಸ್ಸರ್‌ಶ್ಮಿಟ್‌ನ ವಿಮಾನಗಳಿಗೆ ಮೀಸಲಾಗಿದ್ದವು. ಬೇರೆಯವರು ಯುದ್ಧವಿಮಾನಕ್ಕೆ ಒಲ್ಲೆ ಎನ್ನುತ್ತಿದ್ದ, ಗಾಳಿಯಿಂದ ತಂಪಾಗುವ ದಪ್ಪ ಎಂಜಿನ್ನನ್ನು ಟ್ಯಾಂಕ್ ಆರಿಸಿಕೊಂಡರು. ಕುದುರೆ ದಳದಿಂದ ಬಂದವರ ಲೆಕ್ಕಾಚಾರ ಅದು. ಪಂದ್ಯದ ಕುದುರೆ ಕಾಲು ಉಳುಕಿದರೆ ನಿಂತುಬಿಡುತ್ತದೆ, ದಂಡಿನ ಕುದುರೆ ಕೆಸರಲ್ಲೂ ಓಡಬೇಕು. ಯುದ್ಧ ಮುಗಿಯುವುದರೊಳಗೆ ಅಂಥ 20 ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಎಂಜಿನ್ ಯಾರ ಕೈಯಲ್ಲಿದೆ ಎಂಬುದು ವಿಮಾನದ ಹಣೆಬರಹವನ್ನು ಬರೆಯುತ್ತದೆ ಎಂಬ ಪಾಠವನ್ನು ಅವರು ಅಲ್ಲೇ ಕಲಿತಿದ್ದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಜರ್ಮನಿಯ ಬಹುತೇಕ ಕಾರ್ಖಾನೆಗಳಂತೆ ಫೋಕೆ-ವುಲ್ಫ್ ಕೂಡ ಯುದ್ಧಕಾಲದಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡಿತು. ಇದಕ್ಕೆ ವಿಚಿತ್ರ ಸಾಕ್ಷಿಯೊಂದು ಸಿಕ್ಕಿದ್ದು ಹಳೆಯ ವಿಮಾನವೊಂದರ ದುರಸ್ತಿಯಲ್ಲಿ. 1943ರಲ್ಲಿ ಲೆನಿನ್‌ಗ್ರಾಡ್ ಬಳಿಯ ಕಾಡಿನಲ್ಲಿ ಇಳಿದು ಅಲ್ಲೇ ಉಳಿದಿದ್ದ ಎಫ್‌ಡಬ್ಲ್ಯು-190 ಒಂದು 1989ರಲ್ಲಿ ಪತ್ತೆಯಾಯಿತು. ಮೈಕ್ರೋಸಾಫ್ಟ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಅಲೆನ್ ಅದನ್ನು ತಮ್ಮ ವಿಮಾನ ಸಂಗ್ರಹಕ್ಕೆ ಸೇರಿಸಿ, ಮೂಲ ಎಂಜಿನ್ ಸಮೇತ ಮತ್ತೆ ಹಾರುವಂತೆ ಮಾಡಿಸಿದರು. ಎಂಜಿನ್ ಬಿಚ್ಚಿದವರಿಗೆ ಎಣ್ಣೆ ಹರಿಯುವ ದಾರಿಯಲ್ಲಿ ಬಟ್ಟೆಯ ಚೂರು ಸಿಕ್ಕಿತು. ಎಂಜಿನ್ ಕೆಟ್ಟದ್ದು ಅದರಿಂದಲೇ. ಬಲವಂತಕ್ಕೆ ದುಡಿಯುತ್ತಿದ್ದ ಯಾರೋ ಬೇಕೆಂದೇ ತುರುಕಿರಬೇಕು ಎಂಬುದು ದುರಸ್ತಿ ಮಾಡಿದವರ ಊಹೆ. ಹಳೆಯ ವಿಮಾನಗಳನ್ನು ಯಾಕೆ ಕಾಪಾಡಬೇಕು, ಗುಜರಿಗೆ ಹಾಕಬಾರದೇಕೆ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಕಾಗದದಲ್ಲಿ ಯಾರೂ ಬರೆದಿಡದ್ದನ್ನು ಲೋಹ ಉಳಿಸಿಕೊಂಡಿರುತ್ತದೆ. ಟ್ಯಾಂಕ್ ಅವರ ಬುದ್ಧಿವಂತಿಕೆಯೂ ಆ ಹೆಸರಿಲ್ಲದ ಕೂಲಿಯ ಸಿಟ್ಟೂ ಒಂದೇ ವಿಮಾನದಲ್ಲಿ ಉಳಿದಿದ್ದವು.

1945ರಲ್ಲಿ ಜರ್ಮನಿ ಸೋತಿತು. ಗೆದ್ದ ದೇಶಗಳೆಲ್ಲ ಜರ್ಮನ್ ಎಂಜಿನಿಯರುಗಳಿಗೆ ಬಲೆ ಬೀಸುತ್ತಿದ್ದ ಕಾಲ. ಟ್ಯಾಂಕ್ ಬ್ರಿಟಿಷರ ಜೊತೆ ಮಾತಾಡಿದರು, ಅದು ಕೂಡಿಬರಲಿಲ್ಲ. ಕೊನೆಗೆ ಕೈಹಿಡಿದದ್ದು ಅರ್ಜೆಂಟೀನಾದ ಅಧ್ಯಕ್ಷ ಪೆರೋನ್. 1947ರಲ್ಲಿ ಪೆದ್ರೊ ಮಾಥಿಯೆಸ್ ಎಂಬ ಸುಳ್ಳು ಹೆಸರಿನಲ್ಲಿ ಟ್ಯಾಂಕ್ ಆ ದೇಶ ತಲುಪಿದರು. ಅವರ ಹಳೆಯ ಸಹೋದ್ಯೋಗಿಗಳೂ ಒಬ್ಬೊಬ್ಬರಾಗಿ ಕೊರ್ಡೋಬ ನಗರದ ವಿಮಾನ ಸಂಸ್ಥೆ ಸೇರಿಕೊಂಡರು.

ಅಲ್ಲಿ ಅವರು ಕಟ್ಟಿದ್ದೇ ಪುಲ್ಕಿ-2. ಮೊದಲು ಅದೇ ಆಕಾರದ ಗ್ಲೈಡರ್ ಮಾಡಿ ಹಾರಿಸಿದರು, ಆಮೇಲೆ ಜೆಟ್. ಎಂಜಿನ್ ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿಯದು. 1950ರ ಜೂನ್‌ನಲ್ಲಿ ಅದು ಮೊದಲ ಸಲ ಹಾರಿತು. 1951ರ ಫೆಬ್ರುವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪೆರೋನ್ ಮತ್ತು ನೆರೆದ ಜನರ ಮುಂದೆ ಟ್ಯಾಂಕ್ ಸ್ವತಃ ಹಾರಿಸಿ ತೋರಿಸಿದರು. ಆಗ ಅವರಿಗೆ ಐವತ್ತಮೂರರ ಹತ್ತಿರ. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಒಬ್ಬ ಪೈಲಟ್, 1952ರ ಅಕ್ಟೋಬರ್‌ನಲ್ಲಿ ಟ್ಯಾಂಕ್ ಅವರ ಹಳೆಯ ಸಂಗಾತಿ ಓಟೊ ಬೆಹ್ರೆನ್ಸ್, ಪುಲ್ಕಿಯ ಅಪಘಾತಗಳಲ್ಲಿ ಸತ್ತರು. 1955ರಲ್ಲಿ ಸೇನೆ ದಂಗೆಯೆದ್ದು ಪೆರೋನ್ ಅಧಿಕಾರ ಕಳೆದುಕೊಂಡರು. ಕರೆತಂದ ಯಜಮಾನನೇ ಇಲ್ಲವಾದ ಮೇಲೆ ತಂಡ ಚದುರಿತು. ಕೆಲವರು ಅಮೆರಿಕಕ್ಕೆ ಹೋದರು, ಇನ್ನು ಕೆಲವರು ಟ್ಯಾಂಕ್ ಜೊತೆ ಪೂರ್ವಕ್ಕೆ ಹೊರಟರು. ಕಟ್ಟಿದ ಐದು ಮಾದರಿಗಳಲ್ಲಿ ಐದನೆಯದು ಮಾತ್ರ ಇಂದು ಮೊರೊನ್ ಸಂಗ್ರಹಾಲಯದಲ್ಲಿದೆ. ವಿಮಾನ ಉಳಿಯಿತು, ಅದನ್ನು ಮುಂದುವರಿಸಬೇಕಿದ್ದ ಕೈಗಳು ಉಳಿಯಲಿಲ್ಲ.

ಪೂರ್ವ ಎಂದರೆ ನಮ್ಮ ಬೆಂಗಳೂರು. 1940ರಲ್ಲಿ ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಶುರುಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಅಷ್ಟರಲ್ಲಿ ಸರ್ಕಾರದ್ದಾಗಿತ್ತು. ಜರ್ಮನಿಯ ಗಾಟಿಂಗೆನ್‌ನಲ್ಲಿ ಓದಿ ಬಂದಿದ್ದ ಡಾ. ವಿ. ಎಂ. ಘಾಟಗೆ ಅವರ ತಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಸ್ವಂತವಾಗಿ ವಿನ್ಯಾಸ ಮಾಡಿ, 1951ರಲ್ಲೇ ಹಾರಿಸಿತ್ತು. ಆದರೆ ಪ್ರೊಪೆಲರ್ ವಿಮಾನದಿಂದ ಒಮ್ಮೆಗೇ ಶಬ್ದದ ಎರಡರಷ್ಟು ವೇಗದ ಯುದ್ಧವಿಮಾನಕ್ಕೆ ಜಿಗಿಯುವುದೆಂದರೆ ಅದು ಬೇರೆಯೇ ಮಾತು. ಅದಕ್ಕಾಗಿ ನೆಹರು ಸರ್ಕಾರ ಟ್ಯಾಂಕ್ ಅವರನ್ನು ಕರೆಸಿತು. 1956ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿಗೆ ಬಂದರು. ಜೊತೆಗೆ ಜರ್ಮನ್ ಎಂಜಿನಿಯರುಗಳ ಚಿಕ್ಕ ತಂಡ.

ನಮ್ಮ ಹುಡುಗರು ಅವರ ಕೈಕೆಳಗೆ ಕೆಲಸ ಮಾಡುತ್ತಲೇ ಕಲಿತರು. ಕೆಲಸದ ರೀತಿ ಅದೇ ಹಳೆಯದು. ಮೊದಲು ನಿಜವಾದ ಅಳತೆಯ ಮರದ ಗ್ಲೈಡರ್. 1959ರಲ್ಲಿ ಡಕೋಟ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಬೆಂಗಳೂರಿನ ಆಕಾಶಕ್ಕೆ ಎಳೆದೊಯ್ದು ಬಿಡುತ್ತಿತ್ತು, ಪೈಲಟ್ ಎಂಜಿನ್ ಇಲ್ಲದೆ ತೇಲಿಸಿಕೊಂಡು ಇಳಿಸುತ್ತಿದ್ದರು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ. ಕಂಪ್ಯೂಟರ್ ಸಿಮ್ಯುಲೇಶನ್ ಇಲ್ಲದ ಕಾಲದಲ್ಲಿ ವಿಮಾನದ ಗುಣ ತಿಳಿಯಲು ಇದು ಕಡಿಮೆ ಖರ್ಚಿನ, ಅಪ್ಪಟ ದಾರಿ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಜೆಟ್ ಮಾರುತವನ್ನು ಮೊದಲ ಸಲ ಹಾರಿಸಿದರು. ಟ್ಯಾಂಕ್ ಬಂದು ಐದು ವರ್ಷ ಕೂಡ ಆಗಿರಲಿಲ್ಲ.

ಇನ್ನು ಬೇಕಾದದ್ದು ಎಂಜಿನ್. ಮಾರುತದ ವಿನ್ಯಾಸವಾದದ್ದು ಬ್ರಿಟನ್ನಿನ ಓರ್ಫಿಯಸ್-12 ಎಂಬ ಶಕ್ತಿಶಾಲಿ ಎಂಜಿನ್ನಿನ ಲೆಕ್ಕದಲ್ಲಿ. ಅದು ಇನ್ನೂ ತಯಾರಿಯಲ್ಲಿತ್ತು. ಯುರೋಪಿನ ಗಿರಾಕಿಗಳು ಕೈಬಿಟ್ಟಾಗ, ಮುಂದುವರಿಸಬೇಕಾದರೆ ಖರ್ಚು ನೀವು ಕೊಡಿ ಎಂದು ಬ್ರಿಟನ್ ಭಾರತವನ್ನು ಕೇಳಿತು. ದೆಹಲಿ ಕೊಡಲಿಲ್ಲ, ಎಂಜಿನ್ ನಿಂತುಹೋಯಿತು. ಬೆಂಗಳೂರಿನಲ್ಲೇ ಲೈಸೆನ್ಸ್ ಮೇಲೆ ತಯಾರಾಗುತ್ತಿದ್ದ, ಕಡಿಮೆ ಶಕ್ತಿಯ ಓರ್ಫಿಯಸ್-703 ಎರಡನ್ನು ಕೂರಿಸಿ ಹೇಗೋ ಹಾರಿಸಲಾಯಿತು. ಶಬ್ದದ ಎರಡರಷ್ಟು ವೇಗದ ಆಸೆಯಿಂದ ಹುಟ್ಟಿದ ವಿಮಾನಕ್ಕೆ ಶಬ್ದದ ವೇಗವನ್ನು ದಾಟುವುದೇ ಕಷ್ಟವಾಯಿತು. ಮೂರನೆಯವರ ಒಂದೇ ಲೈಬ್ರರಿಯನ್ನು ನಂಬಿ ಇಡೀ ಪ್ರಾಜೆಕ್ಟ್ ಬರೆದು, ಆ ಲೈಬ್ರರಿಯೇ ನಿಂತುಹೋದರೆ ಏನಾಗುತ್ತದೆ ಎಂಬುದು ನನ್ನ ಕಸುಬಿನವರಿಗೆ ಚೆನ್ನಾಗಿ ಗೊತ್ತು.

ರಷ್ಯಾದ ಎಂಜಿನ್ ನೋಡಿದ್ದಾಯಿತು. ಈಜಿಪ್ಟ್ ತಯಾರಿಸುತ್ತಿದ್ದ ಇ-300 ಎಂಜಿನ್ನಿಗೆಂದು ಒಂದು ಮಾರುತವನ್ನು ಅಲ್ಲಿಗೇ ಕಳಿಸಿ 1967ರಲ್ಲಿ ಹಾರಿಸಿಯೂ ನೋಡಿದ್ದಾಯಿತು. ಯಾವುದೂ ದಡ ಸೇರಲಿಲ್ಲ. ಈ ನಡುವೆ ಭಾರತ ರಷ್ಯಾದಿಂದ ಮಿಗ್-21 ತರಿಸಿಕೊಂಡಿತ್ತು. ಅದು ಮಾರುತ ಮುಟ್ಟಬೇಕೆಂದಿದ್ದ ವೇಗವನ್ನು ಆಗಲೇ ಮುಟ್ಟುತ್ತಿತ್ತು. ಇಲ್ಲಿರುವ ಓರ್ಫಿಯಸ್‌ಗೇ ಹೆಚ್ಚುವರಿ ಶಕ್ತಿ ತುಂಬುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಹಾಗೆ ಮಾರ್ಪಟ್ಟ ಎಂಜಿನ್ನಿನ ಮಾರುತದಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಬಿಟ್ಟರು. ಮೊದಲ ಹಾರಾಟ ನಡೆಸಿದವರೇ ಅದಕ್ಕೆ ಬಲಿಯಾದರು. ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣ ರಸ್ತೆಗೆ ಸೇರುವ ಸುರಂಜನ್ ದಾಸ್ ರಸ್ತೆ ಇವರ ಹೆಸರಿನದೇ. ಆ ರಸ್ತೆಯ ಸಿಗ್ನಲ್ಲಿನಲ್ಲಿ ಬೈದುಕೊಳ್ಳುತ್ತ ನಿಂತವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

ಹಾಗೆಂದು ಮಾರುತವನ್ನು ಸೋತ ವಿಮಾನ ಎನ್ನುವಂತಿಲ್ಲ. 1967ರಲ್ಲಿ ಅದು ವಾಯುಪಡೆಯ 10ನೇ ಸ್ಕ್ವಾಡ್ರನ್ ಸೇರಿತು. ಎರಡು ಸೀಟಿನ 18 ತರಬೇತಿ ವಿಮಾನಗಳೂ ಸೇರಿ ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ತಗ್ಗಿನಲ್ಲಿ ಹಾರಿ ಶತ್ರುವಿನ ನೆಲದ ಗುರಿಗಳನ್ನು ಹೊಡೆದವು. ನೆಲದ ಗುಂಡಿಗೆ ಕೆಲವು ಬಿದ್ದವು, ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ನಮ್ಮ ಕಾಕಾ ಹೇಳುವಂತೆ, ಒಂದು ಎಂಜಿನ್ ಸುಟ್ಟರೂ ಇನ್ನೊಂದರ ಮೇಲೆ ಹಿಂತಿರುಗಿ ಬಂದ ಮಾರುತಗಳಿದ್ದವು. ದಂಡಿನ ಕುದುರೆ ಬೇಕೆಂದ ಟ್ಯಾಂಕ್ ಅವರ ಹಳೆಯ ಬುದ್ಧಿ ಇಲ್ಲಿಯೂ ಕೆಲಸ ಮಾಡಿತ್ತು. 1990ರ ಹೊತ್ತಿಗೆ ಮಾರುತ ಸೇವೆಯಿಂದ ಪೂರ್ತಿ ನಿವೃತ್ತವಾಯಿತು.

ಟ್ಯಾಂಕ್ 1967ರಲ್ಲೇ ಎಚ್‌ಎಎಲ್ ಬಿಟ್ಟಿದ್ದರು. ಆಮೇಲೆ ಜರ್ಮನಿಗೆ ಹಿಂತಿರುಗಿ, ಅಲ್ಲಿನ ವಿಮಾನ ಕಂಪನಿಗೆ ಸಲಹೆಗಾರರಾಗಿದ್ದು, 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಇಂದು ಅವರ ಬದುಕನ್ನು ಲೋಹದಲ್ಲಿ ಓದಬೇಕೆಂದರೆ ಭೂಮಿ ಸುತ್ತಬೇಕು. 1999ರಲ್ಲಿ ನಾರ್ವೆಯ ಸಮುದ್ರದ ತೋಳೊಂದರಿಂದ ಎತ್ತುವಾಗ ತುಂಡುತುಂಡಾದ ಕೊಂಡೋರ್ ಒಂದನ್ನು ಜರ್ಮನಿಯ ಹಿರಿಯ ಕೆಲಸಗಾರರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತು ಮರುಜೋಡಿಸಿದರು, ಅದು ಬರ್ಲಿನ್ನಿನಲ್ಲಿದೆ. ಪುಲ್ಕಿ ಮೊರೊನ್‌ನಲ್ಲಿ. ಮಾರುತಗಳು ಬೆಂಗಳೂರಿನಲ್ಲಿ, ಪುಣೆಯ ಕಮಲಾ ನೆಹರು ಪಾರ್ಕಿನಲ್ಲಿ, ಮುಂಬಯಿಯ ನೆಹರು ವಿಜ್ಞಾನ ಕೇಂದ್ರದಲ್ಲಿ. ಒಂದು ಮಾರುತವಂತೂ ಮ್ಯೂನಿಕ್ ಪಕ್ಕದ ಶ್ಲೈಸ್‌ಹೈಮ್‌ನ ಸಂಗ್ರಹಾಲಯಕ್ಕೆ ಹೋಗಿದೆ. ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ತನ್ನ ವಿನ್ಯಾಸಕಾರ ಕಣ್ಮುಚ್ಚಿದ ಊರ ಬಳಿ ಹೋಗಿ ನಿಂತಿದೆ.

ನಮ್ಮ ಐ.ಟಿ. ಭಾಷೆಯಲ್ಲಿ ಕೆ.ಟಿ. ಎಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ಕೆಲಸ ಬಿಡುವವನು ತನಗೆ ಗೊತ್ತಿರುವುದನ್ನು ಉಳಿಯುವವರಿಗೆ ಒಪ್ಪಿಸಿ ಹೋಗುವುದು. ಕುರ್ಟ್ ಟ್ಯಾಂಕ್ ಹೆಸರಿನ ಮೊದಲಕ್ಷರಗಳೂ ಅವೇ. ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಎರಡು ಪ್ರಶ್ನೆ. ಮೊದಲನೆಯದು ಯಾರಿಗಾಗಿ ಕೆಲಸ ಎಂಬುದು. ಹಿಟ್ಲರ್, ಪೆರೋನ್, ನೆಹರು ಒಂದೇ ತಕ್ಕಡಿಯಲ್ಲಿ ತೂಗುವ ಯಜಮಾನರಲ್ಲ. ಆದರೂ ಟ್ಯಾಂಕ್ ಮೂವರ ಸರ್ಕಾರಗಳಿಗೂ ಅದೇ ಶ್ರದ್ಧೆಯಿಂದ ವಿಮಾನ ಕಟ್ಟಿಕೊಟ್ಟರು. ಕಸುಬಿನಲ್ಲಿ ಪ್ರಾಮಾಣಿಕನಾಗಿದ್ದರೆ ಸಾಕು, ಉಳಿದದ್ದು ತನ್ನ ಹೊಣೆಯಲ್ಲ ಎನ್ನುವ ಸಮಾಧಾನ ನಮ್ಮಂಥವರಿಗೂ ಬಲು ಬೇಗ ಬರುತ್ತದೆ. ಎಣ್ಣೆಯ ದಾರಿಯಲ್ಲಿ ಸಿಕ್ಕ ಆ ಬಟ್ಟೆಯ ಚೂರು ಅದನ್ನು ಒಪ್ಪುವುದಿಲ್ಲ.

ಎರಡನೆಯದು ಬಿಟ್ಟುಹೋಗುವುದು ಏನನ್ನು ಎಂಬುದು. ಅರ್ಜೆಂಟೀನಾದಲ್ಲಿ ತಂಡವೇ ಎದ್ದು ಹೋಯಿತು. ಭಾರತದಲ್ಲಿ ಕಲಿತ ಹುಡುಗರು ಉಳಿದರು. ಆದರೆ ಅವರಿಗೆ ಮಾರುತದ ಬೆನ್ನಿಗೇ ಇನ್ನೊಂದು ಯುದ್ಧವಿಮಾನ ಕಟ್ಟುವ ಕೆಲಸವನ್ನು ದೇಶ ಕೊಡಲಿಲ್ಲ. ಕಲಿಸಿದವರು ಹೋದರು, ಕಲಿತವರು ಕಾದು ಕಾದು ನಿವೃತ್ತರಾದರು. ಮಾರುತ ಹಾರಿದ್ದು 1961ರಲ್ಲಿ. ಅದರ ನಂತರದ ಸ್ವದೇಶಿ ಯುದ್ಧವಿಮಾನ ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಅದೇ ಬೆಂಗಳೂರಿನ ಆಕಾಶದಲ್ಲಿ. ನಡುವೆ ಕಳೆದದ್ದು ಹತ್ತಿರ ಹತ್ತಿರ ನಲವತ್ತು ವರ್ಷ. ಆ ತೇಜಸ್ ಇಂದಿಗೂ ಹಾರುತ್ತಿರುವುದು ಅಮೆರಿಕದ ಎಂಜಿನ್ ಮೇಲೆ. ಮಾರುತಕ್ಕೆ ಇಲ್ಲವಾದದ್ದು ಏನೆಂಬ ಪಾಠ ಸಂಗ್ರಹಾಲಯದ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತಿದೆ. ಅದನ್ನು ಒಪ್ಪಿಸಿಕೊಳ್ಳುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.